ಟವೆಲಿನ ಅಡಿಯ ಮಾತು

ರಾಮನಗರ
24 ಮಾರ್ಚ್ 2025

ಕಬ್ಬಾಳಿನ ಪುಟ್ಟಲಿಂಗಯ್ಯನಿಗೆ ನಿಯಾಜ್ ಮಾಡುವ ಸಲಾಮು.

ಅಕ್ಷರ ನೋಡಿ ಗಾಬರಿಯಾಗಬೇಡ ಕಣಯ್ಯಾ. ಇದು ಎಡಗೈ ಬರಹ. ಬಲಗೈ ಸಂಕ್ರಾಂತಿ ಆದ ಮೇಲಿನಿಂದ ತೊಡೆಯ ಮೇಲೆ ಮಲಗಿಬಿಟ್ಟಿದೆ. ಏಳು ಅಂದರೆ ಏಳುವುದಿಲ್ಲ, ಬಯ್ದರೂ ನಾಚಿಕೆಯಿಲ್ಲ. ಫೋನ್ ಮಾಡೋಣ ಅಂದರೆ ನಾಲಿಗೆ ತೊದಲುತ್ತದೆ. ನಾನು "ಪುಟ್ಟ" ಅಂದರೆ ಕೇಳುವವರಿಗೆ ಏನು ಕೇಳಿಸುತ್ತದೋ ದೇವರಿಗೇ ಗೊತ್ತು. ಮೊನ್ನೆ ಫಿರೋಜಾಳನ್ನು ನೀರು ಕೇಳಿದೆ, ಅವಳು ದಿಂಬು ತಂದುಕೊಟ್ಟಳು. ಮದುವೆಯಾದಾಗಿನಿಂದ ಅವಳು ಹಾಗೆಯೇ ಅಂದುಕೋ, ಆದರೂ ಈ ಸಲ ತಪ್ಪು ನನ್ನದೇ.

ಅದಕ್ಕೇ ಕಾಗದ. ಮೊಬೈಲ್ ಇಲ್ಲದ ಕಾಲದಲ್ಲಿ ನೀನು ನಮ್ಮ ರೇಷ್ಮೆ ನೂಲು ತೆಗೆಯುವ ಮನೆಗೆ ಕಾರ್ಡು ಹಾಕುತ್ತಿದ್ದೆಯಲ್ಲ, "ಹುಳ ಹಣ್ಣಾಗಿದೆ, ಬರುವ ವಾರ ಗೂಡು ತರುತ್ತೇನೆ" ಎಂದು. ಎರಡೇ ಸಾಲು. ಕಾರ್ಡಿಗೆ ಹಿಪ್ಪುನೇರಳೆ ಸೊಪ್ಪಿನ ಹಸಿರು ಬೆರಳಚ್ಚು ಅಂಟಿರುತ್ತಿತ್ತು. ನಮ್ಮಪ್ಪ ಅದನ್ನು ಮೂಸಿ ನೋಡಿ, "ಈ ಸಲ ಗೂಡು ಚೆನ್ನಾಗೈತೆ" ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆ ದಿನಗಳದು ನನಗೆ ಎಲ್ಲ ನೆನಪಿದೆ, ತಲೆಗೇನೂ ಆಗಿಲ್ಲ ಅಂತ ಹೇಳುವುದಕ್ಕೇ ಇಷ್ಟು ಬರೆದೆ.

ಇನ್ನೊಂದೂ ನೆನಪಿದೆ. ಪ್ರತಿ ವರ್ಷ ಬಕ್ರೀದಿಗೆ ನೀನು ಟಗರು ತರುತ್ತಿದ್ದೆ. ನಮ್ಮ ಬಾಗಿಲಲ್ಲಿ ನಿಂತು ಟವೆಲು ಹಾಸಿ, ಅದರಡಿ ಕೈ ಹಿಡಿದುಕೊಂಡು, ಬೆರಳಲ್ಲೇ ಬೆಲೆ ಹೇಳಿಕೊಳ್ಳುತ್ತಿದ್ದೆವು. ಎಲ್ಲರೂ ಬಿಟ್ಟ ಕಾಲದಲ್ಲೂ ನಾವಿಬ್ಬರು ಮಾತ್ರ ಬಿಡಲಿಲ್ಲ. ಕೊನೆಗೆ ನಾನು ಐದೂ ಬೆರಳು ಸೇರಿಸಿ ಒತ್ತಿದರೆ ವ್ಯಾಪಾರ ಮುಗಿಯಿತು. ಆಗ ನೀನು ತಟಕ್ಕನೆ ಕೈ ಎಳೆದುಕೊಂಡು "ಥೂ ನಿನ್ನ" ಅನ್ನುತ್ತಿದ್ದೆ. ಬೆಲೆ ಕಮ್ಮಿಯಾಯಿತು ಅಂತ ಬೈಯುತ್ತೀಯ ಎಂದು ನನಗೆ ಒಳಗೊಳಗೇ ಖುಷಿ.

ಡಾಕ್ಟರಮ್ಮ ಈ ಸಲ ರೋಜಾ ಬೇಡ ಎಂದಿದ್ದಾರೆ. ಮನೆಯವರೆಲ್ಲ ಹಸಿದುಕೊಂಡಿರುವಾಗ ನಾನೊಬ್ಬ ಗಂಜಿ ಕುಡಿಯುತ್ತ ಕೂತಿದ್ದೇನೆ. ಬೇಜಾರು ಕಣೋ. ರಂಜಾನ್ ಹಬ್ಬಕ್ಕೆ ಬಾ. ಆಸ್ಪತ್ರೆಗೂ ನೀನು ಬರಲಿಲ್ಲ, ಮನೆಗೂ ಬರಲಿಲ್ಲ. ಫಿರೋಜಾ ಶ್ಯಾವಿಗೆಯ ಶೀರ್ ಖುರ್ಮಾ ಎತ್ತಿಟ್ಟಿರುತ್ತಾಳೆ.

ನಿನ್ನ
ನಿಯಾಜ್


ಕಬ್ಬಾಳು
3 ಏಪ್ರಿಲ್ 2025

ಪ್ರೀತಿಯ ನಿಯಾಜ್,

ಕಾಗದ ಬಂದು ಸೇರಿತು. ಓದಿ ಬಹಳ ಸಂತೋಷವಾಯಿತು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಹಬ್ಬಕ್ಕೆ ಬರಲಾಗಲಿಲ್ಲ. ಹುಳ ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಕೂತಿತ್ತು. ನಿನಗೆ ಗೊತ್ತಲ್ಲ, ಆ ಜ್ವರದಿಂದ ಎದ್ದರೆ ಅದರ ಹಸಿವು ಹೇಳತೀರದು, ಸೊಪ್ಪು ಕೊಯ್ದಷ್ಟೂ ಸಾಲದು. ನಿನ್ನತ್ತಿಗೆ ಸಿದ್ದಮ್ಮನಿಗೆ ಮಂಡಿನೋವು. ಎರಡು ಕುರಿ ಈದಿವೆ, ಒಂದರ ಮರಿ ಹಾಲು ಹಿಡಿಯುತ್ತಿಲ್ಲ. ಬೋರಿನ ಮೋಟರು ಬೇರೆ ಕೆಟ್ಟಿತ್ತು. ಹೀಗೇ ಒಂದಲ್ಲ ಒಂದು.

ನೀನು ಟವೆಲಿನ ಮಾತು ಬರೆದಿದ್ದೀಯ. ನನಗೆ ನೆನಪಾಗುವುದು ಅದಕ್ಕಿಂತ ಹಿಂದಿನದು. ನಿಮ್ಮಪ್ಪ ನಿನ್ನನ್ನು ಮೊದಲ ಸಲ ಮಾಗಡಿ ಕಡೆಗೆ ಕುರಿ ಕೊಳ್ಳಲು ಕಳಿಸಿದ್ದರು, ಜೊತೆಗೆ ನನ್ನನ್ನು ಕಳಿಸಿದ್ದರು. ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ನನ್ನ ಬೆರಳು ಹಿಡಿದು ಅಭ್ಯಾಸ ಮಾಡಿಕೊಂಡೆ. ಎದುರು ಸೀಟಿನ ಮುದುಕಿ ನೋಡಿ ನೋಡಿ, "ಏನ್ರಪ್ಪಾ, ಮದ್ವೆ ಗಂಡು ಹೆಣ್ಣು ಕುಂತಂಗೆ ಕುಂತಿದ್ದೀರಲ್ಲ" ಅಂದಳು. ನೀನು ನಾಚಿ ಕಿಟಕಿಯ ಕಡೆ ತಿರುಗಿಕೊಂಡೆ. ಅಲ್ಲಿ ಹೋಗಿ ಎಲ್ಲ ತಪ್ಪು ಬೆರಳು ಹಿಡಿದೆ. ಕೊನೆಗೆ ಅದೊಂದು ಕುಂಟು ಟಗರು ತಂದೆವಲ್ಲ, ನಿಮ್ಮಮ್ಮ ಅದನ್ನು ಕೊಯ್ಯಲು ಬಿಡದೆ ಸಾಯುವತನಕ ಸಾಕಿದರು.

ಆ ಕೈ ಈಗ ಏಳುತ್ತಿಲ್ಲ ಎಂದು ಓದಿದ ಮೇಲೆ ಬಹಳ ಹೊತ್ತು ಜಗಲಿಯ ಮೇಲೆ ಕೂತಿದ್ದೆ.

ಡಾಕ್ಟರು ಏನನ್ನುತ್ತಾರೆ? ತಲೆಯೊಳಗಿನ ರಕ್ತ ಪೂರ್ತಿ ಆರಿದೆಯಂತಾ? ನಿನ್ನ ಮಗ ಉಜೈರ್ ಹೇಗಿದ್ದಾನೆ? ನನ್ನನ್ನು ಕೇಳಿದನೆಂದರೆ ಚಾಚಾ ಚೆನ್ನಾಗಿದ್ದಾರೆ ಎಂದು ಹೇಳು. ಕೇಳದಿದ್ದರೆ ಬೇಡ.

ಸಿದ್ದಮ್ಮ ಹುಚ್ಚೆಳ್ಳು ಚಟ್ನಿಪುಡಿ ಮಾಡಿದ್ದಾಳೆ. ಈ ಕಡೆಯಿಂದ ಯಾರಾದರೂ ಬಂದರೆ ಕಳಿಸುತ್ತೇನೆ.

ಇಂತಿ
ಪುಟ್ಟಲಿಂಗಯ್ಯ


ರಾಮನಗರ
15 ಏಪ್ರಿಲ್ 2025

ಪುಟ್ಟಲಿಂಗಯ್ಯನವರಿಗೆ,

ಹೌದು, "ಅವರಿಗೆ" ಎಂದೇ ಬರೆದೆ. ದೊಡ್ಡ ಮನುಷ್ಯರಾಗಿದ್ದೀರಿ.

ಕಳೆದ ಗುರುವಾರ ಗೂಡು ಮಾರುಕಟ್ಟೆಗೆ ಬಂದಿದ್ದೆಯಂತೆ. ನಮಗೆ ಗೂಡು ಕೊಳ್ಳಲು ಹೋಗುವ ತೌಹೀದ್ ನಿನ್ನನ್ನು ನೋಡಿದ್ದಾನೆ. ಗೂಡು ಬೇರೆಯವರಿಗೆ ಹೋಯಿತಂತೆ, ಹೋಗಲಿ, ಹರಾಜಿನಲ್ಲಿ ಯಾರಿಗೆ ಬೇಕಾದರೂ ಹೋಗಬಹುದು. ಆದರೆ ಅಲ್ಲಿಂದ ನಮ್ಮ ಮನೆ ಎಷ್ಟು ದೂರ? ಅವತ್ತು ಮಧ್ಯಾಹ್ನ ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಚಟ್ನಿಪುಡಿ ತರಲು ಯಾರೂ ಸಿಗಲಿಲ್ಲ, ಅಲ್ಲವೇ? ನೀನೇ ಬಂದಿದ್ದೆಯಲ್ಲೋ!

ಬಾಯಿ ಸೊಟ್ಟಗಾದ ನಿಯಾಜ್ ನಿನಗೆ ಬೇಡವಾದನೇನೋ. ಇದ್ದಿದ್ದನ್ನು ಹೇಳಿಬಿಡು. ಬಹಳ ಜನ ಹಾಗೆಯೇ. ಬಂದವರು ನನ್ನ ಮುಖ ನೋಡದೆ ಗೋಡೆಯ ಗಡಿಯಾರ ನೋಡುತ್ತ ಮಾತಾಡಿ ಹೋಗುತ್ತಾರೆ. ನೀನು ಅವರಂತಲ್ಲ ಅಂದುಕೊಂಡಿದ್ದೆ.

ಡಾಕ್ಟರು ಏನನ್ನುತ್ತಾರೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಡಾಕ್ಟರು ರಮ್ಯ ಅಂತ, ನಮ್ಮ ಮಗಳು ಮೆಹ್ರೀನಳ ವಯಸ್ಸಿನ ಹುಡುಗಿ. ಹೋದ ವಾರ ತೋರಿಸಲು ಹೋದಾಗ ಸ್ಲೇಟಿನ ಮೇಲೆ ಬರೆದು ಕೇಳಿದೆ, "ಆ ಸೂಜಿ ಕೊಟ್ಟರೆ ನನಗೆ ರಕ್ತ ಸೋರುತ್ತದೆ ಎಂದು ನಿಮಗೆ ಮೊದಲೇ ಗೊತ್ತಿತ್ತಾ?" ಅವಳು ಮುಚ್ಚುಮರೆ ಮಾಡಲಿಲ್ಲ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದನ್ನು ಕರಗಿಸುವ ಸೂಜಿ ಅದು. ಕರಗಿದರೆ ಕೈಕಾಲು ಉಳಿಯಬಹುದು. ಆದರೆ ಕೆಲವರಿಗೆ ಕರಗುವ ಭರದಲ್ಲಿ ತಲೆಯೊಳಗೇ ರಕ್ತ ಸೋರುತ್ತದೆ. ಯಾರಿಗೆ ಎಂದು ಅಂದಾಜು ಮಾಡಲು ವಯಸ್ಸು, ಶುಗರ್, ಬಿಪಿ, ಲಕ್ವ ಎಷ್ಟು ಜೋರಾಗಿ ಹೊಡೆದಿದೆ, ಎಷ್ಟು ಹೊತ್ತಾಗಿದೆ, ಎಲ್ಲ ಸೇರಿಸಿ ಲೆಕ್ಕ ಹಾಕುತ್ತಾರಂತೆ. "ನಿಮ್ಮಂಥ ಹತ್ತು ಜನಕ್ಕೆ ಕೊಟ್ಟರೆ ಒಬ್ಬರಿಗೆ ಸೋರಬಹುದು ಅಂತ ಗೊತ್ತಿತ್ತು. ಆ ಒಬ್ಬರು ನೀವೇ ಅಂತ ಗೊತ್ತಿರಲಿಲ್ಲ" ಅಂದಳು.

ನನಗೆ ನಗು ಬಂತು. ಸೊಟ್ಟ ಬಾಯಲ್ಲೇ ನಕ್ಕೆ, ಜೊಲ್ಲು ಸುರಿಯಿತು, ಫಿರೋಜಾ ಒರೆಸಿದಳು. ಜೀವಮಾನವೆಲ್ಲ ನಾನು ಮಾಡಿದ್ದು ಇದನ್ನೇ ಅಲ್ಲವೇನೋ? ನಿನ್ನ ಲಾಟಿನಿಂದ ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇಷ್ಟು ನೂಲು ಬರುತ್ತದೆ, ಇಷ್ಟು ಹಾಳು ಅನ್ನುತ್ತಿದ್ದೆ. ಇಡೀ ಲಾಟಿನ ಲೆಕ್ಕ ಹೆಚ್ಚುಕಡಿಮೆ ಸರಿಯಾಗುತ್ತಿತ್ತು. ಆದರೆ ಬಿಸಿನೀರಿಗೆ ಹಾಕಿದಾಗ ಯಾವ ಗೂಡಿನ ಎಳೆ ತುಂಡಾಗುತ್ತದೆ ಎಂದು ಒಂದು ದಿನವೂ ಹೇಳಲಾಗಲಿಲ್ಲ. ಡಾಕ್ಟರಮ್ಮನಿಗೆ ಈ ಮಾತು ಬರೆದು ತೋರಿಸಿದೆ. ಅವಳೂ ನಕ್ಕಳು.

ಸೂಜಿ ಕೊಡಿ ಎಂದು ಹೂಂ ಅಂದವರು ಯಾರು ಎಂದು ಉಜೈರನನ್ನು ಕೇಳಿದರೆ ಮುಖ ತಿರುಗಿಸಿಕೊಂಡು ಎದ್ದು ಹೋಗುತ್ತಾನೆ. ಯಾರೇ ಆಗಿರಲಿ, ಒಂದು ಸಲ ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು ಅನ್ನಿಸುತ್ತದೆ.

ಬರುವುದಾದರೆ ಬಾ, ಬಿಡುವುದಾದರೆ ಬಿಡು.

ನಿಯಾಜ್


ಕಬ್ಬಾಳು
6 ಮೇ 2025

ನಿಯಾಜ್,

ನಿನ್ನ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಕೊನೆಗೆ ಸಿದ್ದಮ್ಮನೇ ಬೈದಳು. "ಎಷ್ಟ್ ದಿನಾಂತ ಹಿಂಗೆ ಮಂಕು ಬಡ್ದೋನಂಗೆ ಕುಂತಿರ್ತೀಯ? ಇರೋದ್ನ ಇದ್ದಂಗೆ ಬರ್ದಾಕು. ಅವ್ರು ಬೈದ್ರೆ ಬೈಸ್ಕೋ" ಅಂದಳು. ಬರೆಯುತ್ತಿದ್ದೇನೆ.

ಹೂಂ ಅಂದವನು ನಾನು.

ಅವತ್ತು ನಿಮ್ಮ ನೂಲು ತೆಗೆಯುವ ಬಟ್ಟಲುಗಳ ಹತ್ತಿರ ನಿಂತು ಟೀ ಕುಡಿಯುತ್ತಿದ್ದೆವು. ನೀನು ನನ್ನ ಗೂಡಿಗೆ ಏನೋ ಹೆಸರಿಡುತ್ತಿದ್ದೆ. ಮಾತು ಅರ್ಧಕ್ಕೇ ನಿಂತಿತು, ಲೋಟ ಬಿತ್ತು. ನೀನು ತಮಾಷೆ ಮಾಡುತ್ತಿದ್ದೀಯ ಎಂದು ನಾನು ನಕ್ಕೆ. ನಕ್ಕಿದ್ದು ಈಗಲೂ ನನ್ನನ್ನು ತಿನ್ನುತ್ತದೆ. ಉಜೈರ್ ಕಾರು ತೆಗೆದ, ಇಬ್ಬರೂ ನಿನ್ನನ್ನು ಎತ್ತಿ ಹಾಕಿಕೊಂಡು ಹೋದೆವು.

ಆ ಡಾಕ್ಟರಮ್ಮ ನಿನಗೆ ಹೇಳಿದ್ದನ್ನೇ ನಮಗೂ ಹೇಳಿದರು. ಕೊಡದಿದ್ದರೆ ಬಲಭಾಗ ಪೂರ್ತಿ ಹೋಗಬಹುದು, ಕೊಟ್ಟರೆ ಹತ್ತರಲ್ಲಿ ಒಬ್ಬರಿಗೆ ರಕ್ತ ಸೋರಬಹುದು, ಜೀವಕ್ಕೂ ಅಪಾಯ, ಬೇಗ ಹೇಳಿ ಅಂದರು. ಉಜೈರ್ ನನ್ನ ಕಡೆ ತಿರುಗಿದ. "ಚಾಚಾ, ನನ್ಗೆ ಏನೂ ತೋಚ್ತಿಲ್ಲ. ನೀವೇ ಹೇಳಿ" ಅಂದ. ನಾನು ಯಾರು ಹೇಳಲಿಕ್ಕೆ? ನಿನ್ನ ಹೆಂಡತಿಯೇ, ಮಗನೇ? ಆದರೆ ನೀನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದೆ. ಬಾಯಿ ಬರುತ್ತಿರಲಿಲ್ಲ.

ಹೆಗಲ ಮೇಲಿನ ಟವೆಲು ತೆಗೆದು ನಿನ್ನ ಎಡಗೈ ಮೇಲೆ ಹಾಕಿದೆ. ಅದರಡಿ ನನ್ನ ಕೈ ಇಟ್ಟೆ. ನಿನ್ನ ಕಿವಿಯಲ್ಲಿ ಎಲ್ಲ ಹೇಳಿದೆ. "ಹತ್ರಲ್ಲಿ ಒಬ್ಬುಂಗೆ ರಕ್ತ ಸೋರ್ತದಂತೆ ಕಣ್ಲಾ. ಕೊಡ್ಸದಾ, ಬ್ಯಾಡ್ವಾ? ಒಪ್ಗೆ ಆದ್ರೆ ಒತ್ತು" ಅಂದೆ. ನೀನು ಒತ್ತಿದೆ. ಐದೂ ಬೆರಳು ಸೇರಿಸಿ ಒತ್ತಿದೆ. ನಾನು ಎದ್ದು, "ಕೊಡ್ಸು ಅಂತವ್ನೆ" ಅಂದೆ. ಉಜೈರ್ ಸಹಿ ಹಾಕಿದ.

ಮಾರನೆಯ ಬೆಳಿಗ್ಗೆ ನಿನಗೆ ಎಚ್ಚರ ತಪ್ಪಿತು. ತಲೆಯ ಫೋಟೋ ತೆಗೆದು ನೋಡಿ ರಕ್ತ ಸೋರಿದೆ ಅಂದರು. ಉಜೈರ್ ಎಲ್ಲರೆದುರಿಗೆ ನನ್ನನ್ನು ಕೇಳಿದ, "ಅಬ್ಬಾಗೆ ಬುದ್ಧಿನೇ ನೆಟ್ಟಗಿರ್ಲಿಲ್ಲ. ಲಕ್ವ ಹೊಡೆದಾಗ ಕೈ ಸೆಳೆತಕ್ಕೆ ಬಿಗಿ ಹಿಡಿದಿದ್ನ ನೀವು ಹೂಂ ಅಂತ ತಿಳ್ಕೊಂಡ್ರಾ? ಟಗರು ವ್ಯಾಪಾರಾನಾ ಇದು ಚಾಚಾ?" ನಾನು ಮೆಟ್ಟಿಲಿಳಿದು ಹೊರಗೆ ಬಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ನನಗೂ ಮಗನಿದ್ದಾನೆ.

ನಾನು ಆಸ್ಪತ್ರೆಗೆ ಬರಲಿಲ್ಲ ಎಂದು ಬರೆದಿದ್ದೀಯ. ನಿನಗೆ ಎಚ್ಚರ ಬರುವವರೆಗೂ ಹೊರಗೆ ಬೇವಿನ ಮರದ ಕೆಳಗೇ ಇದ್ದೆ. ಮೇಲೆ ಹತ್ತಲು ಮುಖವಿರಲಿಲ್ಲ. ಕಣ್ಣು ಬಿಟ್ಟನಂತೆ ಎಂದು ವಾಚ್‌ಮನ್ ಹೇಳಿದ ಮೇಲೆ ಕನಕಪುರದ ಬಸ್ಸು ಹತ್ತಿದೆ. ಮಾರುಕಟ್ಟೆಗೆ ಬಂದ ದಿನವೂ ನಿಮ್ಮ ಬೀದಿಯ ಮೂಲೆಯವರೆಗೆ ಬಂದಿದ್ದೆ. ನೀನು ಕುರ್ಚಿಯಲ್ಲಿ ಕೂತಿದ್ದನ್ನು ನೋಡಿದೆ. ಕೈ ತೊಡೆಯ ಮೇಲಿತ್ತು. ವಾಪಸು ಹೋದೆ.

ಬಾಯಿ ಸೊಟ್ಟಗಾದರೆ ಬೇಡವಾಗಲು ನೀನೇನು ನನಗೆ ಹೆಣ್ಣೇನೋ ಮಂಕೇ.

ನಾನು ಕೇಳುವುದು ಒಂದೇ. ಅವತ್ತು ಒತ್ತಿದ್ದು ನೀನೋ, ನಿನ್ನ ಕಾಯಿಲೆಯೋ? ನಿನ್ನ ಮಾತನ್ನು ನಾನು ಹೇಳಿದೆನೋ, ನನ್ನ ಮಾತನ್ನು ನಿನ್ನ ಬಾಯಿಗೆ ಇಟ್ಟೆನೋ? ಸೂಜಿಯಿಂದ ಆದದ್ದು ಆಯಿತು, ಅದು ಡಾಕ್ಟರಿಗೂ ಗೊತ್ತಿರಲಿಲ್ಲ. ಇದು ಗೊತ್ತಾಗದಿದ್ದರೆ ನಾನು ನಿನ್ನ ಮುಂದೆ ನಿಲ್ಲಲಾರೆ. ಅವತ್ತಿನದು ಇನ್ನೂ ಒಂದು ಸಣ್ಣ ವಿಷಯ ಇದೆ. ಅದನ್ನು ಬೇಕೆಂದೇ ಬರೆಯುತ್ತಿಲ್ಲ. ನಿನಗೆ ನೆನಪಿದ್ದರೆ ನೀನೇ ಹೇಳು.

ಪುಟ್ಟಲಿಂಗಯ್ಯ


ರಾಮನಗರ
16 ಮೇ 2025

ಲೇ ಪುಟ್ಟ,

ಕತ್ತೆ ಕಣೋ ನೀನು. ಇಷ್ಟು ದಿನ ಬೇವಿನ ಮರ, ಬೀದಿ ಮೂಲೆ ಅಂತ ಸುತ್ತಿದ್ದೀಯಲ್ಲ, ಒಳಗೆ ಬಂದು ಒಂದು ಮಾತು ಕೇಳಲಿಕ್ಕೆ ಏನಾಗಿತ್ತು ನಿನಗೆ? ಹೂಂ ಅಂದವರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು ಎಂದು ಬರೆದಿದ್ದು ಜಗಳಕ್ಕಲ್ಲ. ಅಷ್ಟು ಧೈರ್ಯ ಯಾರಿಗೆ ಬಂತು, ನನ್ನನ್ನು ಕೈಬಿಡದೆ ಹಿಡಿದುಕೊಂಡವರು ಯಾರು ಎಂದು ತಿಳಿಯುವ ಆಸೆ ಇತ್ತು. ಫಿರೋಜಾ ಹೂಂ ಅಂದಿದ್ದಾಳೆ ಅಂದುಕೊಂಡು, ಈ ಮೂರು ನಾಲ್ಕು ತಿಂಗಳು ಅವಳ ಉಪ್ಪಿಲ್ಲದ ಸಾರನ್ನು ಒಂದು ಮಾತೂ ಆಡದೆ ಉಂಡಿದ್ದೇನೆ. ಎಲ್ಲ ದಂಡ.

ನಿನ್ನ ಕಾಗದವನ್ನು ಉಜೈರನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಅರ್ಧಕ್ಕೆ ನಿಲ್ಲಿಸಿದ. ಓದು ಎಂದು ಮೇಜು ಬಡಿದೆ. ಬೇವಿನ ಮರದ ಹತ್ತಿರ ಬಂದಾಗ ಅಳಲು ಶುರು ಮಾಡಿದ. "ನಂಗೆ ಭಯ ಆಗಿತ್ತು ಅಬ್ಬಾ. ಯಾರ್ನಾದ್ರೂ ಬಯ್ಬೇಕಿತ್ತು, ಚಾಚಾ ಹತ್ರ ಇದ್ರು" ಅಂದ. ಅವನನ್ನು ತಬ್ಬಿಕೊಳ್ಳಲು ಒಂದೇ ಕೈ ಇತ್ತು, ಅದರಲ್ಲೇ ತಬ್ಬಿಕೊಂಡೆ.

ಈಗ ನೀನು ಕೇಳಿದ್ದು. ಒತ್ತಿದ್ದು ನಾನೇ, ಚೆನ್ನಾಗಿ ನೆನಪಿದೆ ಎಂದು ಬರೆದರೆ ಮುಗಿಯಿತು, ನಿನಗೂ ಸಮಾಧಾನ. ಹಾಗೆ ಬರೆಯಲು ಪೆನ್ನು ಎತ್ತಿದ್ದೂ ನಿಜ. ಆದರೆ ನಿನಗೆ ಸುಳ್ಳು ಹೇಳಿದ್ದು ಟಗರಿನ ಬೆಲೆಯಲ್ಲಿ ಮಾತ್ರ. ಪುಟ್ಟಾ, ನನಗೆ ಆ ದಿನ ನೆನಪೇ ಇಲ್ಲ. ಟೀ ಲೋಟ ಬಿಸಿಯಾಗಿದ್ದದ್ದು ನೆನಪಿದೆ. ಆಮೇಲೆ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇಲ್ಲ. ನೀನು ಬರೆಯದೆ ಬಿಟ್ಟ ಸಣ್ಣ ವಿಷಯ ಏನೆಂದು ಎಷ್ಟು ತಡಕಿದರೂ ಕೈಗೆ ಸಿಗಲಿಲ್ಲ. ಮಾಗಡಿಯ ಕುಂಟು ಟಗರಿನ ಬಣ್ಣ ನೆನಪಿದೆ, ಇದಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ತಲೆಗೇನೂ ಆಗಿಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದೆನಲ್ಲ, ಅದೂ ಸುಳ್ಳೇ.

ಸೂಜಿ ಕೊಡದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರಮ್ಮನನ್ನು ಕೇಳಿದೆ. "ನಿಜ ಹೇಳಬೇಕೆಂದರೆ ಗೊತ್ತಿಲ್ಲ" ಅಂದಳು. ಅವಳಿಗೂ ಗೊತ್ತಿಲ್ಲ, ನನಗೂ ನೆನಪಿಲ್ಲ. ನಮಗೆ ಉಳಿದಿರುವುದು ಒಂದೇ ದಾರಿ. ಬಕ್ರೀದ್ ಹತ್ತಿರ ಬಂತು. ಟಗರು ಹಿಡಿದುಕೊಂಡು ಬಾ. ಟವೆಲೂ ತಾ. ಅವತ್ತು ಕಿವಿಯಲ್ಲಿ ಏನೇನು ಹೇಳಿದೆಯೋ ಅದನ್ನೇ ಇನ್ನೊಂದು ಸಲ ಹೇಳು, ಅದನ್ನೇ ಕೇಳು. ಈಗ ನನಗೆ ಎಚ್ಚರ ಇದೆ, ಆದದ್ದೆಲ್ಲ ಗೊತ್ತಿದೆ, ಕೈ ಸತ್ತಿದ್ದೂ ಗೊತ್ತಿದೆ. ಉತ್ತರ ಹೇಳುತ್ತೇನೆ. ಉಜೈರ್ ಪಕ್ಕದಲ್ಲೇ ನಿಂತಿರಲಿ.

ಬರದಿದ್ದರೆ ಚನ್ನಪಟ್ಟಣದ ಬುಗುರಿಯಲ್ಲಿ ಹೊಡೆಯುತ್ತೇನೆ. ಬೆರಳಿಗೆ ಕಸರತ್ತು ಆಗಲಿ ಎಂದು ಮೆಹ್ರೀನ್ ಒಂದು ತಂದುಕೊಟ್ಟಿದ್ದಾಳೆ, ಗುರಿ ಚೆನ್ನಾಗಿ ಕೂರುತ್ತಿದೆ.

ನಿನ್ನ
ನಿಯಾಜ್


ಕಬ್ಬಾಳು
9 ಜೂನ್ 2025

ಪ್ರೀತಿಯ ನಿಯಾಜ್,

ಕ್ಷೇಮವಾಗಿ ಊರು ಸೇರಿದೆ. ಫಿರೋಜಾ ತಂಗಿ ಕಟ್ಟಿಕೊಟ್ಟ ಡಬ್ಬಿಯನ್ನು ಬಸ್ಸಿನಲ್ಲೇ ಅರ್ಧ ಖಾಲಿ ಮಾಡಿದೆ. ಸಿದ್ದಮ್ಮ ಇನ್ನೂ ಬೈಯುತ್ತಿದ್ದಾಳೆ.

ಗುರುವಾರ ನಿಮ್ಮ ಬಾಗಿಲಲ್ಲಿ ನನ್ನ ಬಾಯಿ ಬರಲಿಲ್ಲ. ನೀನು ತೊದಲುತ್ತಿದ್ದೆ, ನಾನು ಮೂಗ. ಉಜೈರನೇ ಟಗರಿನ ಹಗ್ಗ ಹಿಡಿದುಕೊಂಡು, "ಕೇಳಿ ಚಾಚಾ" ಅನ್ನಬೇಕಾಯಿತು. ಟವೆಲು ಹಾಕಿ, ಅವತ್ತಿನಂತೆಯೇ ನಿನ್ನ ಎಡಗೈ ಕೆಳಗೆ ಕೈ ಇಟ್ಟು, ಅದೇ ಮಾತು ಹೇಳಿದೆ. ನೀನು ಒತ್ತಿದೆ. ನಾನು ಅಳುತ್ತ ಕೂತೆ. ಒತ್ತಿದ್ದಕ್ಕೆ ಅತ್ತೆ ಎಂದು ನೀವೆಲ್ಲ ತಿಳಿದಿರಿ. ನೀನೂ ಹಾಗೆಯೇ ತಿಳಿದಿದ್ದೀಯ. ಅದಕ್ಕಲ್ಲ. ನೀನು ಒತ್ತುತ್ತೀಯ ಎಂದು ನನಗೆ ಗೊತ್ತಿತ್ತು. ನನ್ನ ಮನಸ್ಸು ನೋಯಿಸಲು ನಿನ್ನ ಕೈಲಿ ಯಾವತ್ತು ಆಗಿದೆ?

ಬರೆಯದೆ ಉಳಿಸಿಕೊಂಡಿದ್ದ ಸಣ್ಣ ವಿಷಯ ಈಗ ಕೇಳು. ಪ್ರತಿ ಸಲ ವ್ಯಾಪಾರ ಮುಗಿದಾಗ ನಾನು "ಥೂ ನಿನ್ನ" ಎಂದು ಕೈ ಎಳೆದುಕೊಳ್ಳುತ್ತಿದ್ದೆನಲ್ಲ, ಬೆಲೆಗಲ್ಲ ಕಣಯ್ಯಾ. ಬೆರಳು ಒತ್ತಿ ಬಿಡುವಾಗ ನೀನು ಹೆಬ್ಬೆರಳ ಉಗುರಿನಿಂದ ನನ್ನ ಅಂಗೈಯನ್ನು ಒಂದು ಸಲ ಗೀರುತ್ತೀಯ. ಕಚಗುಳಿಯಾಗುತ್ತದೆ. ಮಾಗಡಿ ಬಸ್ಸಿನಲ್ಲಿ ಅಭ್ಯಾಸ ಮಾಡುವಾಗಲೂ ಹಾಗೆಯೇ ಮಾಡುತ್ತಿದ್ದೆ. ಮೊದಮೊದಲು ಬೇಕೆಂದೇ ಕುಚೇಷ್ಟೆ ಮಾಡುತ್ತೀಯ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನಿನಗೆ ಅದು ಗೊತ್ತೇ ಇಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಬಿಟ್ಟುಬಿಡುತ್ತೀಯೋ ಎಂದು.

ಆಸ್ಪತ್ರೆಯಲ್ಲಿ ಒತ್ತಿದ ಮೇಲೆ ಆ ಗೀರು ತಾಕಿದಂತಾಯಿತು. ಅದನ್ನು ನಂಬಿಯೇ ನಾನು "ಕೊಡ್ಸು ಅಂತವ್ನೆ" ಎಂದು ಹೇಳಿದ್ದು. ಆಮೇಲೆ ಉಜೈರ್ ಅಷ್ಟು ಅಂದ ಮೇಲೆ ನನಗೇ ಅನುಮಾನ ಬಂತು. ಅದು ಸೆಳೆತವೇನೋ, ಇಲ್ಲ ನನಗೆ ಬೇಕಾಗಿದ್ದರಿಂದ ತಾಕಿದಂತಾಯಿತೇನೋ ಎಂದು. ಯಾರಿಗೆ ಹೇಳಲಿ? ನಿನಗೆ ಬರೆದಿದ್ದರೆ ನನ್ನ ಸಮಾಧಾನಕ್ಕೆಂದು ಗುರುವಾರ ಬೇಕೆಂದೇ ಗೀರುತ್ತಿದ್ದೆ.

ಗುರುವಾರ ಟವೆಲಿನ ಅಡಿಯಲ್ಲಿ ನೀನು ಗೀರಿದೆ. ನಿನಗೆ ಗೊತ್ತೇ ಆಗಲಿಲ್ಲ, ಉಜೈರನ ಕಡೆ ನೋಡುತ್ತ ಕೂತಿದ್ದೆ. ಎಡಗೈಯಾದರೂ ಅದೇ ಜಾಗ, ಅಷ್ಟೇ ಮೆಲ್ಲಗೆ. ಆಸ್ಪತ್ರೆಯಲ್ಲಿ ತಾಕಿದ್ದೂ ಅದೇ.

ಅವತ್ತು ಹೂಂ ಅಂದವನು ನೀನೇ ಕಣ್ಲಾ.

ಇಲ್ಲಿ ಹುಳ ಹಣ್ಣಾಗಿದೆ. ಬರುವ ವಾರ ಗೂಡು ತರುತ್ತೇನೆ.

ನಿನ್ನ
ಪುಟ್ಟ